ಲೆತೊಯ್‌ನ ಬಿದಿರ ಬಾಗಿಲು

ನನ್ನ ಗಂಡ ಲೆತೊಯ್ ಕುಳ್ಳ. ಊರಿನವರು ಅವನ ಬಗ್ಗೆ ಮೊದಲು ಹೇಳುತ್ತಿದ್ದದ್ದೇ ಅದು, ಹಾಗಾಗಿ ನಾನೂ ಅದನ್ನೇ ಮೊದಲು ಹೇಳುತ್ತೇನೆ. ಮದುವೆಯ ದಿನ ಇಗರ್ಜಿಯಲ್ಲಿ ನಾನು ಚಪ್ಪಲಿ ಬಿಟ್ಟು ನಿಂತಿದ್ದೆ. ಅವನು ಎತ್ತರದ ಹಿಮ್ಮಡಿಯ ಬೂಟು ಹಾಕಿದ್ದ. ಆದರೂ ಫೋಟೋದಲ್ಲಿ ನಾನೇ ಎತ್ತರ. ಅವನು ಸತ್ತಾಗ ಶವಪೆಟ್ಟಿಗೆಯಲ್ಲಿ ಕಾಲಿನ ಕಡೆ ಜಾಗ ಉಳಿಯಿತು. ಅಲ್ಲಿ ಅವನ ಟೋಪಿ ಇಟ್ಟೆ.

ಮನಿಲಾದಿಂದ ಬಹು ದೂರದ ನಮ್ಮ ಬಂದರಿನ ಐಸ್ ಕಾರ್ಖಾನೆಯಲ್ಲಿ ಅವನ ಕೆಲಸ. ಐಸಿನ ದಿಮ್ಮಿ ಕೊಯ್ಯುವುದು, ಪುಡಿ ಮಾಡುವುದು, ಮೀನು ದೋಣಿಯವರ ಪೆಟ್ಟಿಗೆಗೆ ಸುರಿಯುವುದು. ಎಷ್ಟು ಬಿಸಿಲಿದ್ದರೂ ಅವನ ಕೈ ತಣ್ಣಗೇ ಇರುತ್ತಿತ್ತು. "ಹೆಣದ ಕೈ" ಎಂದು ನಾನು ತಮಾಷೆ ಮಾಡುತ್ತಿದ್ದೆ.

ನಮಗೆ ಮಕ್ಕಳಾಗಲಿಲ್ಲ.

ನಮ್ಮೂರಲ್ಲಿ ಬೇಸಿಗೆ ಬಂತೆಂದರೆ ಬ್ಯಾಸ್ಕೆಟ್‌ಬಾಲ್. ಇಗರ್ಜಿಯ ಪಕ್ಕದ ಸಿಮೆಂಟ್ ಅಂಗಳದಲ್ಲಿ ಎಲ್ಲ ಓಣಿಯ ಹುಡುಗರೂ ತಂಡ ಕಟ್ಟುತ್ತಾರೆ. ಚಿಕ್ಕವರ ತಂಡಕ್ಕೆ ವಯಸ್ಸು ನೋಡುವುದಿಲ್ಲ, ಎತ್ತರ ನೋಡುತ್ತಾರೆ. ಅದಕ್ಕೆ ಲೆತೊಯ್ ಮಾಡಿದ ಬಿದಿರಿನ ಚೌಕಟ್ಟು ಇತ್ತು. ಎರಡು ಕಂಬ, ಮೇಲೊಂದು ಅಡ್ಡ ಬಿದಿರು. ಹುಡುಗರು ಅದನ್ನು ಬಾಗಿಲು ಎನ್ನುತ್ತಿದ್ದರು. ಬಾಗಿಲಲ್ಲಿ ತಲೆ ತಾಗದೆ ದಾಟಿದವನು ಚಿಕ್ಕವರ ತಂಡದಲ್ಲಿ ಆಡಬಹುದು. ತಾಗಿತೋ, ದೋಣಿಗೆ ಹೋಗುವ ಗಂಡಸರ ಜೊತೆ ಆಡಬೇಕು. ಅಲ್ಲಿ ಮೊಣಕೈ ತಿವಿತ ತಿಂದು ಹಲ್ಲು ಉದುರಿಸಿಕೊಂಡವರಿದ್ದರು.

ಹೀಗಾಗಿ ದಾಟಲು ಹುಡುಗರು ಮಾಡದ ಕೆಲಸವಿಲ್ಲ. ತಲೆ ಬೋಳಿಸಿಕೊಳ್ಳುತ್ತಿದ್ದರು. ಕುಗ್ಗುತ್ತೇವೆ ಅಂದುಕೊಂಡು ಹಿಂದಿನ ದಿನ ಅಕ್ಕಿ ಮೂಟೆ ಹೊತ್ತು ತಿರುಗುತ್ತಿದ್ದರು. ಬಾಗಿಲ ಕೆಳಗೆ ಮೊಣಕಾಲು ಮಡಚಿ, ಬೆನ್ನು ಬಗ್ಗಿಸಿ, ಮುಖ ಮಾತ್ರ ದೇವದೂತನ ಹಾಗೆ ಇಟ್ಟುಕೊಂಡು ನಿಲ್ಲುತ್ತಿದ್ದರು. ಲೆತೊಯ್ ಬೈಯುತ್ತಿರಲಿಲ್ಲ. ಹುಡುಗನ ಅಂಗಿ ಎತ್ತಿ ಐಸಿನಂಥ ಅಂಗೈಯನ್ನು ಹೊಟ್ಟೆಗೆ ಒತ್ತಿ, "ಉಸಿರು ಎಳ್ಕೊ" ಎನ್ನುತ್ತಿದ್ದ. ಹುಡುಗ "ಹಾ!" ಅಂತ ಬೆಚ್ಚಿ ನೆಟ್ಟಗಾಗುತ್ತಿದ್ದ. ಬಿದಿರು ಟಕ್ ಅನ್ನುತ್ತಿತ್ತು. ಸುತ್ತ ನಿಂತವರೆಲ್ಲ ನಗುತ್ತಿದ್ದರು.

ಆಗ ಲೆತೊಯ್ ಹುಡುಗನ ಭುಜ ಹಿಡಿದು ಹೇಳುತ್ತಿದ್ದ, "ದೊಡ್ಡೋನಾದೆ, ತೋತೊ."

ಅಷ್ಟೇ. ನಮ್ಮೂರಲ್ಲಿ ತೋತೊ, ಅಂದರೆ ಹುಡುಗ, ದೊಡ್ಡವನಾಗುತ್ತಿದ್ದದ್ದು ಹಾಗೆ. ಪಾದ್ರಿ ಹೇಳಿದರೂ ಅಪ್ಪ ಹೇಳಿದರೂ ಲೆಕ್ಕಕ್ಕಿಲ್ಲ. ಲೆತೊಯ್ ಹೇಳಬೇಕು. ಅವನು ಎಲ್ಲರಿಗೂ ಮನೋಂಗ್, ಅಂದರೆ ಅಣ್ಣ; ನಾನು ಮನಾಂಗ್, ಅಕ್ಕ. ಕೆಲವರು ಅಳುತ್ತಿದ್ದರು. ಕೆಲವರು ಅಳು ಬಂದರೂ ಹಲ್ಲು ಕಿರಿದು, "ಮನೋಂಗ್, ನೀವು ಮಾತ್ರ ಸಾಯೋ ತನಕ ಚಿಕ್ಕೋರ ತಂಡಾನೇ!" ಎಂದು ಓಡುತ್ತಿದ್ದರು. ನಿಜವೇ. ಅವನು ಆ ಬಾಗಿಲನ್ನು ಟೋಪಿ ಹಾಕಿಕೊಂಡೇ ದಾಟುತ್ತಿದ್ದ.

ಚಿಕ್ಕವರ ತಂಡ ಭಾನುವಾರ ನಮ್ಮ ಮನೆಯಲ್ಲೇ ಊಟ ಮಾಡುತ್ತಿತ್ತು. ತೊಗರಿಕಾಳು, ಎಳೆ ಹಲಸು, ಸಿಕ್ಕಿದರೆ ಹಂದಿಯ ಕಾಲು ಹಾಕಿ ದೊಡ್ಡ ಪಾತ್ರೆ ತುಂಬ ಬೇಯಿಸುತ್ತಿದ್ದೆ. ತಳ ಕಾಣುವವರೆಗೂ ತಿನ್ನುತ್ತಿದ್ದರು. ಆದರೆ "ದೊಡ್ಡೋನಾದೆ" ಅನ್ನಿಸಿಕೊಂಡವನು ಮರುವಾರ ಬರುತ್ತಿರಲಿಲ್ಲ. ದೋಣಿ ಸೇರುತ್ತಿದ್ದ, ಹುಡುಗಿಯ ಹಿಂದೆ ಬೀಳುತ್ತಿದ್ದ. ದಾರಿಯಲ್ಲಿ ಸಿಕ್ಕರೆ ಗದ್ದ ಎತ್ತಿ, "ಹೇಗಿದೀರಿ, ಮನಾಂಗ್ ಪುರಿಂಗ್?" ಎಂದು ಕೇಳಿ ಮುಂದೆ ಹೋಗುತ್ತಿದ್ದ. ಅದರಲ್ಲಿ ತಪ್ಪೇನಿಲ್ಲ. ಆ ದಿನ ಒಂದು ತಟ್ಟೆ ಹಾಗೇ ಉಳಿಯುತ್ತಿತ್ತು. ಲೆತೊಯ್ ಅದನ್ನು ತಾನೇ ಎತ್ತಿ ಗೂಡಿನಲ್ಲಿಡುತ್ತಿದ್ದ.

ರೆನಾಂತೆ ಆ ಹುಡುಗರಲ್ಲಿ ಒಬ್ಬ. ಅಮ್ಮ ಮನಿಲಾದಲ್ಲಿ ಮನೆಗೆಲಸಕ್ಕೆ, ಅಪ್ಪ ಸಮುದ್ರದಲ್ಲಿ, ಮನೆಯಲ್ಲಿ ಕಿವಿ ಕೇಳದ ಅಜ್ಜಿ. ಅವನು ಭಾನುವಾರ ಮಾತ್ರ ಅಲ್ಲ, ದಿನವೂ ನಮ್ಮಲ್ಲೇ ತಿನ್ನುತ್ತಿದ್ದ. ಲೆತೊಯ್ ಕಾರ್ಖಾನೆಯಿಂದ ಬಂದರೆ ಆ ತಣ್ಣನೆಯ ಕೈಗಳನ್ನು ರೆನಾಂತೆ ತನ್ನ ಕಂಕುಳಲ್ಲಿ ಒತ್ತಿ ಹಿಡಿದು ಬೆಚ್ಚಗೆ ಮಾಡುತ್ತಿದ್ದ. "ಅಯ್ಯಪ್ಪಾ, ಸತ್ತೆ" ಎಂದು ಕೂಗುತ್ತಿದ್ದ. ಆದರೂ ಬಿಡುತ್ತಿರಲಿಲ್ಲ.

ಒಂದು ವರ್ಷ ರೆನಾಂತೆ ಬಿದಿರಿನ ಮೊಳಕೆಯ ಹಾಗೆ ಬೆಳೆದ. ಅವನ ಜೊತೆಯವರೂ ಬೆಳೆದರು. ಆ ಬೇಸಿಗೆ ಲೆತೊಯ್ ಬಾಗಿಲು ನಿಲ್ಲಿಸಲು ಹೋಗುವಾಗ ಬಕೆಟ್ಟಿನಲ್ಲಿ ಸಿಂಪಿ ಚಿಪ್ಪು ತುಂಬಿಕೊಂಡ.

"ಅದ್ಯಾಕೆ?" ಎಂದೆ.

"ಕಂಬ ಅಲ್ಲಾಡ್ತದೆ."

"ಇಷ್ಟು ವರ್ಷ ಅಲ್ಲಾಡ್ಲಿಲ್ಲ."

"ಈಗ ಅಲ್ಲಾಡ್ತದೆ" ಎಂದು ಹೊರಟ.

ಸಿಮೆಂಟಿನ ಅಂಚಿಗಿದ್ದ ಮಣ್ಣಿನಲ್ಲಿ, ಗುಂಡಿಯ ತಳಕ್ಕೆ ಚಿಪ್ಪು ಸುರಿದು ಅದರ ಮೇಲೆ ಕಂಬ ನಿಲ್ಲಿಸಿ ಮಣ್ಣು ಮುಚ್ಚಿದ. ಬಾಗಿಲು ಅಷ್ಟು ಎತ್ತರವಾಯಿತು. ರೆನಾಂತೆ ದಾಟಿದ. ಎಲ್ಲರೂ ದಾಟಿದರು. ಭಾನುವಾರ ಒಂದು ತಟ್ಟೆಯೂ ಉಳಿಯಲಿಲ್ಲ. ನನಗೆ ಗೊತ್ತಾಗಿತ್ತು. ನಾನು ಸಾರು ಬಡಿಸಿದೆ.

ಅಷ್ಟುದ್ದದ ಚಿಕ್ಕವರನ್ನು ಯಾರು ಸೋಲಿಸುತ್ತಾರೆ? ಅಕ್ಕಪಕ್ಕದ ಊರುಗಳನ್ನೆಲ್ಲ ಹೊಡೆದರು. ನಮ್ಮೂರ ಹುಡುಗರು ಪಟ್ಟಣದ ಪಂದ್ಯಕ್ಕೆ ಹೋದದ್ದು ಅದೇ ಮೊದಲು. ಊರಿನ ಯಜಮಾನ ಕಪಿತಾನ್ ಎಲ್ಲರಿಗೂ ಹಳದಿ ಬನಿಯನ್ ಹೊಲಿಸಿದ. ನಾನು ಬಾಳೆ ಎಲೆಯಲ್ಲಿ ಅನ್ನ ಕಟ್ಟಿಕೊಂಡು ಜೀಪ್ನಿ ಹತ್ತಿದೆ. ಹುಡುಗರು ದಾರಿಯುದ್ದಕ್ಕೂ ಹಾಡಿದರು. ಲೆತೊಯ್ ಮುಂದೆ ಡ್ರೈವರನ ಪಕ್ಕ ಕೂತಿದ್ದ. ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ.

ಪಟ್ಟಣದ ಅಂಕಣದಲ್ಲಿ ಎತ್ತರ ನೋಡಲು ಗೋಡೆಗೆ ಕಬ್ಬಿಣದ ಸರಳು ಹೊಡೆದಿದ್ದರು. ಅದಕ್ಕೆ ಗುಂಡಿಯೂ ಇಲ್ಲ, ಚಿಪ್ಪೂ ಇಲ್ಲ. ರೆನಾಂತೆ ಮೊದಲು ಹೋದ. ಸರಳು ಹಣೆಗೆ ಬಡಿಯಿತು. ಎರಡನೆಯವನಿಗೂ ಬಡಿಯಿತು. ಮೂರನೆಯವನ ಹೊತ್ತಿಗೆ ಜನ ನಗಲು ಶುರು ಮಾಡಿದರು.

"ಏ, ನಿಮ್ಮೂರಲ್ಲಿ ಕುಳ್ಳರೇ ಇಷ್ಟುದ್ದ ಇದ್ರೆ ಉದ್ದ ಇರೋರು ಎಲ್ಲಿ ಮಲಗ್ತಾರೋ?"

"ಮೀಸೆ ಬೋಳಿಸಿ ಕರ್ಕೊಂಡ್ ಬಂದಿದಾರೆ ನೋಡು!"

ತಂಡಕ್ಕೆ ಬೇಕಾದ ಐದು ಜನವೂ ಉಳಿಯಲಿಲ್ಲ. ಆಡದೆಯೇ ಸೋತರು. ನಾನು ಕಟ್ಟಿಕೊಂಡು ಹೋದ ಅನ್ನವನ್ನು ಯಾರೂ ಮುಟ್ಟಲಿಲ್ಲ. ವಾಪಸು ಬರುವಾಗ ರೆನಾಂತೆ ಹಣೆಯ ಬುಗುಟು ಒತ್ತಿಕೊಳ್ಳುತ್ತ ಲೆತೊಯ್‌ನ ಬೆನ್ನಿಗೆ ಕೇಳಿದ, "ನಾನು ದೊಡ್ಡೋನಾಗಿದ್ದು ನಿಮಗೆ ಗೊತ್ತಿತ್ತಲ್ಲ, ಮನೋಂಗ್? ಯಾಕೆ ಹೇಳ್ಲಿಲ್ಲ?"

ಲೆತೊಯ್ ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡ.

ಮರುದಿನ ಕಪಿತಾನ್ ಬಾಗಿಲ ಬುಡವನ್ನು ಕಾಲಿನಿಂದ ಕೆದಕಿದ. ಬಿಳಿ ಚಿಪ್ಪು ಮೇಲೆ ಬಂತು. "ಏನ್ರೀ ಇದು, ಮನೋಂಗ್ ಲೆತೊಯ್?" ಎಂದು ಕೇಳಿದ.

"ಸಿಂಪಿ" ಎಂದ ನನ್ನ ಗಂಡ.

ಅಳೆಯುವ ಕೆಲಸ ಅವನ ಕೈ ಬಿಟ್ಟಿತು. ಈಗ ಟೇಪು ಹಿಡಿದು ಅಳೆಯುತ್ತಾರೆ. ಬಾಗಿಲನ್ನು ಕಿತ್ತು ಮನೆಗೆ ತಂದು ಹಂದಿಗೂಡಿನ ಹಿಂದೆ ಒರಗಿಸಿದ. ಆಮೇಲಿನ ಭಾನುವಾರ ನಾನು ದೊಡ್ಡ ಪಾತ್ರೆ ಇಟ್ಟೆ. ಯಾರೂ ಬರಲಿಲ್ಲ. ಅದರ ಮುಂದಿನ ಭಾನುವಾರ ಚಿಕ್ಕ ಪಾತ್ರೆ ಇಟ್ಟೆ. ಊಟದ ಹೊತ್ತಿಗೆ ಅವನು ಬೇಲಿಯ ಕಡೆ ಮುಖ ಮಾಡಿ ಕೂರುತ್ತಿದ್ದ. ಬರುವವರು ಇಲ್ಲವೆಂದು ಗೊತ್ತಿದ್ದರೂ ಹಾಗೇ ಕೂರುತ್ತಿದ್ದ. ವರ್ಷಗಟ್ಟಲೆ ಹಾಗೆ ಕೂತ. ಯಾಕೆ ಮಾಡಿದೆ ಎಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಹೋದ ಮಳೆಗಾಲ ಐಸಿನ ದಿಮ್ಮಿಯ ಮೇಲೆಯೇ ಕುಸಿದು ಸತ್ತ. ಮನೆಗೆ ತಂದಾಗ ಕೈ ಮುಟ್ಟಿದೆ. ಯಾವಾಗಲೂ ಇರುತ್ತಿದ್ದ ಹಾಗೇ ಇತ್ತು. ಅದಕ್ಕೇ ಅವನು ಸತ್ತಿದ್ದಾನೆ ಎಂದು ನನಗೆ ಬೇಗ ಹೊಳೆಯಲಿಲ್ಲ.

ಹೆಣ ಕಾಯಲು ಆ ಹುಡುಗರೆಲ್ಲ ಬಂದರು. ಗಡ್ಡ ಬಂದಿತ್ತು, ಕಂಕುಳಲ್ಲಿ ಮಕ್ಕಳಿದ್ದರು. ರೂಢಿಯಂತೆ ರಾತ್ರಿಯೆಲ್ಲ ಇಸ್ಪೀಟು ಆಡಿದರು, ಕಾಫಿ ಕುಡಿದರು, ಪೆಟ್ಟಿಗೆ ಹೊತ್ತರು, ಹೋದರು. ರೆನಾಂತೆ ಮಾತ್ರ ಮುಂದಿನ ಭಾನುವಾರ ಮತ್ತೆ ಬಂದ. ಈಗ ಬಸ್ಸಿನ ಕಂಡಕ್ಟರ್. ಕೇಳದೆಯೇ ನೀರು ಹೊತ್ತು ಹಾಕಿದ, ಸೂರಿನ ತಗಡು ಸರಿ ಮಾಡಿದ, ಊಟಕ್ಕೆ ಕೂತ. ಆಮೇಲೆ ಪ್ರತಿ ಭಾನುವಾರವೂ ಬಂದ. ನಾನು ಬೆಳಗ್ಗೆಯೇ ತಲೆ ಬಾಚಿಕೊಂಡು ಕೂರತೊಡಗಿದೆ. ಅವನ ಚಪ್ಪಲಿ ಸದ್ದು ಬೇಲಿಯ ಹತ್ತಿರ ಕೇಳಿದರೆ ಮಾತ್ರ ಸಾರಿಗೆ ಉಪ್ಪು ಹಾಕುತ್ತಿದ್ದೆ.

ಮೀನು ಮಾರುವ ಬೆಬಿಂಗ್ ಒಂದು ದಿನ ಅಳೆದು ಅಳೆದು ಮೀನು ಹಾಕುತ್ತ ಹೇಳಿದಳು, "ನಿನ್ ರೆನಾಂತೆಗೆ ಗುಡ್ಡದಾಚೆ ಹುಡುಗಿ ಇದಾಳೆ, ಗೊತ್ತಾ? ಅವರಪ್ಪ ಅಲ್ಲೇ ಬಂದಿರು, ದೋಣಿ ಕೊಡ್ತೀನಿ ಅಂದಿದಾನಂತೆ. ಇವನು ಒಪ್ತಾ ಇಲ್ಲ."

"ಯಾಕಂತೆ?"

"ಯಾಕೆ ಅಂತ ನನ್ನ ಕೇಳ್ತೀಯಲ್ಲೇ, ಪುರಿಂಗ್. ಭಾನುವಾರ ಯಾರ ಮನೇಲಿ ಅವನು ತಿನ್ನೋದು?"

ಮೀನು ತಂದು ಶುಚಿ ಮಾಡಿದೆ. ಆ ಭಾನುವಾರ ರೆನಾಂತೆಗೆ ಹೋಗು ಎಂದು ಹೇಳಲಿಲ್ಲ. ಅದರ ಮುಂದಿನ ಭಾನುವಾರವೂ ಹೇಳಲಿಲ್ಲ. ಬಕೆಟ್ಟಿನಲ್ಲಿ ಚಿಪ್ಪು ತುಂಬಿಕೊಂಡು ಹೋದವನ ಮುಖ ಆಗ ನನಗೆ ಚೆನ್ನಾಗಿ ಕಂಡಿತು.

ಕೊನೆಗೊಂದು ಭಾನುವಾರ ಊಟಕ್ಕೆ ಮುಂಚೆ ಹೇಳಿದೆ, "ತೋತೊ, ಹಂದಿಗೂಡಿನ ಹಿಂದೆ ಆ ಬಾಗಿಲಿದೆ. ತಂದು ಅಂಗಳದಲ್ಲಿ ಹುಗಿ."

"ಬಟ್ಟೆ ಒಣಗ್ಸೋಕಾ, ಮನಾಂಗ್?"

"ಹುಗಿ ಅಂದೆ. ಕಂಬಕ್ಕೆ ಗೀಟು ಹಾಕಿದಾನೆ, ಅಲ್ಲೀವರೆಗೆ. ಗುಂಡೀಲಿ ಏನೂ ಹಾಕ್ಬೇಡ."

ಅವನ ನಗು ನಿಂತಿತು. ಗುಂಡಿ ತೋಡಿ ಹುಗಿದ. ನಾನು ಹೇಳದಿದ್ದರೂ ಅದರ ಕೆಳಗೆ ಹೋಗಿ ನಿಂತ. ಕತ್ತು ಬಗ್ಗಿಸಿದರೂ ಹಿಡಿಸಲಿಲ್ಲ. ಅಡ್ಡ ಬಿದಿರು ಅವನ ಮೂಗಿನ ಮುಂದೆ ಬಂತು. ಅದರಾಚೆಯಿಂದ ನನ್ನನ್ನು ನೋಡಿದ. ನಾನು ಅವನ ಅಂಗಿಯ ಮೇಲೆ ಹೊಟ್ಟೆಗೆ ಕೈ ಇಟ್ಟೆ.

"ಉಸಿರು ಎಳ್ಕೊ."

"ನಿಮ್ ಕೈ ಬೆಚ್ಚಗಿದೆ, ಮನಾಂಗ್" ಎಂದ.

"ನನ್ನ ಕೈ ಇಷ್ಟೇ. ಉಸಿರು ಎಳ್ಕೊ."

ಎಳೆದುಕೊಂಡ.

"ದೊಡ್ಡೋನಾದೆ, ತೋತೊ" ಎಂದೆ. "ಅವನು ಹೇಳ್ಬೇಕಿತ್ತು. ಅವನ ಕೈಲಿ ಆಗ್ಲಿಲ್ಲ. ಗುಡ್ಡದಾಚೆ ಹೋಗು."

ಅವನು ಬಗ್ಗಿ ಬಿದಿರು ದಾಟಿದ. ಆಮೇಲೆ ಬಂದು ಕೂತು ಊಟ ಮಾಡಿದ. ಎರಡು ಸಲ ಹಾಕಿಸಿಕೊಂಡ. ಹೋಗುವಾಗ ಹಿರಿಯರಿಗೆ ನಮಸ್ಕರಿಸುವಂತೆ ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡ. ಮುಂದಿನ ಭಾನುವಾರ ಬರುತ್ತೇನೆ ಅನ್ನಲಿಲ್ಲ. ಸುಳ್ಳು ಹೇಳದ ಹುಡುಗ.

ಅವನ ತಟ್ಟೆಯನ್ನು ತೊಳೆದು ಗೂಡಿನಲ್ಲಿಟ್ಟೆ. ಬಾಗಿಲು ಅಂಗಳದಲ್ಲೇ ನಿಂತಿದೆ. ಬಟ್ಟೆ ಹರವಲು ದಿನವೂ ಅದರ ಕೆಳಗೆ ಹಾದುಹೋಗುತ್ತೇನೆ. ಮೊದಲು ನನಗೆ ಕೂದಲು ತಾಗುತ್ತಿತ್ತು. ವಯಸ್ಸಾಯಿತು, ಕುಗ್ಗಿದ್ದೇನೆ. ಈಗ ಅದೂ ತಾಗುವುದಿಲ್ಲ.