ತುಂಬಿದ ಬಟ್ಟಲು

ನಮ್ಮ ಓಶ್ ಊರಿನ ಮನೋವೈದ್ಯೆ ಬುರುಲ್ಚಾ ಅಕ್ಕನಿಗೆ ಸಂತೆಯಲ್ಲಿ ಯಾರ ಗುರುತೂ ಹತ್ತುವುದಿಲ್ಲ. ತನ್ನ ಬಳಿ ಬರುವವರ ಗುಟ್ಟು ರಟ್ಟಾದೀತೆಂದು ತನ್ನ ಗಂಡನೇ ಎದುರಾದರೂ ಕಲ್ಲಂಗಡಿ ನೋಡುತ್ತ ನಿಂತುಬಿಡುತ್ತಾಳೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮುಂಚೆ ಎಲ್ಲರಿಗೂ ಅದೇ ಪಾಠ: “ಅರ್ಥ ಆಗದೆ ತಲೆ ಆಡಿಸಬೇಡ ತಾಯಿ. ನೀನು ಹೇಳಿದ್ದು ಈ ಕೋಣೆ ದಾಟಲ್ಲ. ಆದ್ರೆ ಮಗೂಗೆ ಯಾರಾದ್ರೂ ಹೊಡೀತಿದ್ರೆ ನಾನು ಸುಮ್ಮನಿರಲ್ಲ, ದೂರು ಕೊಡ್ತೀನಿ. ಮೊದಲೇ ಹೇಳಿದೀನಿ.” ನಮ್ಮಲ್ಲಿ ಅರ್ಧ ಬಟ್ಟಲು ಚಹಾ ಕೊಟ್ಟರೆ ಇನ್ನೂ ಕೂತಿರಿ ಎಂದರ್ಥ, ತುಂಬಿಸಿ ಕೊಟ್ಟರೆ ಕುಡಿದು ಹೊರಡಿ ಎಂದು. ಅಳುವವರಿಗೆ ಅಕ್ಕ ಹತ್ತು ಸಲವಾದರೂ ಅರ್ಧರ್ಧ ಬಟ್ಟಲೇ ಕೊಡುತ್ತಾಳೆ. “ನನ್ನ ಸೊಸೆ ಏನಂದ್ಲು? ನಂಗೊಬ್ಬಳಿಗೆ ಹೇಳೇ” ಎಂದು ಬರುವ ಅತ್ತೆಯರಿಗೆ ಮಾತ್ರ ಅಂಚಿನವರೆಗೂ ತುಂಬಿಸಿ, “ಬಿಸಿ ಇದೆ ಅಮ್ಮಾ, ಹುಷಾರು” ಎನ್ನುತ್ತಾಳೆ. ಹೋದ ಚಳಿಗಾಲದಲ್ಲಿ ಸ್ವಂತ ಅಣ್ಣನ ಮಗಳ ಬೆನ್ನ ಮೇಲೆ ಬಾಸುಂಡೆ ಕಂಡಾಗ, ಅಣ್ಣನ ಹೆಸರನ್ನೇ ಬರೆದು ದೂರು ಕೊಟ್ಟಳು. ಈಗ ಆ ಮನೆಗೆ ಹೋದರೆ, ಕೂರುವ ಮೊದಲೇ ಅತ್ತಿಗೆ ತುಂಬಿದ ಬಟ್ಟಲು ತಂದಿಡುತ್ತಾಳೆ. ಅಕ್ಕ ಅದನ್ನು ಮುಟ್ಟದೆ ಕಾಯುತ್ತಾಳೆ. ಶಾಲೆಯಿಂದ ಬಂದ ಹುಡುಗಿ ಚೀಲವನ್ನೂ ಇಳಿಸದೆ ಆ ತಣ್ಣನೆಯ ಚಹಾ ಚೆಲ್ಲಿ, ಬಿಸಿಯದು ಅರ್ಧ ಬಟ್ಟಲು ಬಗ್ಗಿಸಿ ಸೋದರತ್ತೆಯ ಕೈಗಿಡುತ್ತಾಳೆ.