ಕೇರಂ ಕಾಯಿಗೆ ಒಂದು ಕೊಡ ನೀರು

ತಾಂಬರಂನಲ್ಲಿ ನಾವಿದ್ದ ವಸತಿ ಸಮುಚ್ಚಯಕ್ಕೆ ಮೂರು ಬ್ಲಾಕು, ಒಂದೇ ಸಂಘ. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಲಾರಿ ನೀರೇ ಗತಿಯಾಯಿತು. ಎ ಬ್ಲಾಕಿನವರು ಆ ನೀರಲ್ಲಿ ಕಾರು ತೊಳೆದರೆಂದು ದೊಡ್ಡ ಜಗಳವಾಗಿ ಸಂಘ ಒಡೆಯಿತು. ಇನ್ನು ಮೇಲೆ ಪ್ರತಿ ಬ್ಲಾಕಿಗೂ ಅದರದೇ ಆಡಳಿತ, ಅದರದೇ ಸಂಪು, ಅದರದೇ ಲಾರಿ ಎಂದಾಯಿತು. ನಮ್ಮ ಸಿ ಬ್ಲಾಕಿಗೆ ರೈಲ್ವೆಯಲ್ಲಿದ್ದ ನನ್ನ ಯಜಮಾನರೇ ಮುಖ್ಯಸ್ಥರು. ಮನೆಯಲ್ಲಿ ಫ್ಯಾನಿನ ವೇಗ ಹೆಚ್ಚಿಸಲೂ ಅವರು ನಮ್ಮ ಅತ್ತೆಯನ್ನು ಕೇಳಬೇಕಿತ್ತು.

ಕೆಳಮನೆಯ ನಿವೃತ್ತ ಸುಬೇದಾರರು ರಕ್ಷಣಾ ಖಾತೆಯನ್ನು ತಾವಾಗಿಯೇ ವಹಿಸಿಕೊಂಡರು. ಸಂಪಿನ ಪಕ್ಕ ಕುರ್ಚಿ ಹಾಕಿ, ಕೊರಳಿಗೆ ಸೀಟಿ ತೂಗಿಸಿಕೊಂಡು ಕೂತರು. ಶತ್ರುಗಳು ನುಸುಳದಂತೆ ದಿನಕ್ಕೊಂದು ಗುಟ್ಟಿನ ಪದವನ್ನೂ ಗೊತ್ತುಮಾಡಿದರು. ಮೊದಲ ದಿನವೇ ನಮ್ಮತ್ತೆಯನ್ನು ತಡೆದು, ಆ ಪದ ಹೇಳಿರೆಂದು ತಮಿಳಿನಲ್ಲಿ ಕೇಳಿದರು.

"ಪಾಸ್‌ವರ್ಡ್ ಸೊಲ್ಲುಂಗಮ್ಮಾ."

"ನಿನ್ನ ತಾಯಿ ವಯಸ್ಸಿನವಳು ಕಣಪ್ಪ ನಾನು. ಅದೇ ಪಾಸ್‌ವರ್ಡು. ಜರುಗು."

ಸುಬೇದಾರರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಜರುಗಿದರು.

ನೀರು ಸಮನಾಗಿ ಹಂಚಲು ನನ್ನವರು ನಮ್ಮ ಮನೆಯ ಕೇರಂ ಕಾಯಿಗಳನ್ನು ಮನೆಮನೆಗೆ ಕೊಟ್ಟರು. ಒಂದು ಕಾಯಿಗೆ ಒಂದು ಕೊಡ. ಅವು ಸಂಪಿನ ಬಳಿಯಷ್ಟೇ ಓಡಾಡಲಿಲ್ಲ. ದೋಸೆ ಹಿಟ್ಟಿಗೆ ಒಂದು ಕಾಯಿ, ಮೊಳ ಮಲ್ಲಿಗೆಗೆ ಒಂದು ಕಾಯಿ ಎಂದು ವ್ಯಾಪಾರವೇ ಶುರುವಾಯಿತು. ಅತ್ತೆ ಹುಳಿಪುಡಿ ಮಾರಿ ಬ್ಲಾಕಿಗೇ ಸಾಹುಕಾರರಾದರು.

ಅಷ್ಟರಲ್ಲಿ ಬಿ ಬ್ಲಾಕಿನವರು ಅಂಗಡಿಯಿಂದ ಹೊಸ ಕೇರಂ ಸೆಟ್ಟು ತಂದು, ಗಂಭೀರವಾಗಿ ನಮ್ಮ ಸಂಪಿನ ಮುಂದೆ ಸಾಲು ನಿಂತರು. ನನ್ನವರು ಹೌಹಾರಿ, ನನ್ನ ನೇಲ್ ಪಾಲಿಶ್‌ನಿಂದ ಅಸಲಿ ಕಾಯಿಗಳ ಮೇಲೆಲ್ಲ ಮುದ್ರೆ ಒತ್ತಿದರು. ಮರುದಿನ ಬಿ ಬ್ಲಾಕಿನ ಹೆಂಗಸರೆಲ್ಲರ ಉಗುರಿನಲ್ಲೂ ಅದೇ ಬಣ್ಣ!

ಆ ವಾರವೇ ನಮ್ಮ ಲಾರಿ ಬಂತು. ಸುಬೇದಾರರು ಎದ್ದುನಿಂತು ಸೀಟಿ ಊದಿದರು.

"ಪಾಸ್‌ವರ್ಡ್?"

"ಯೋವ್, ತಣ್ಣಿ ವೇಣುಮಾ, ವೇಂಡಾಮಾ?" ನೀರು ಬೇಕೋ ಬೇಡವೋ ಎಂದು ಡ್ರೈವರ್ ಗುಡುಗಿದ.

"ಮೊದಲ್ಲ ಪಾಸ್‌ವರ್ಡ್!"

ಮಹಡಿಯಿಂದ ನಾವೆಲ್ಲ "ಬಿಡಿ ಸಾರ್, ಬಿಡಿ!" ಎಂದು ಕೂಗಿಕೊಂಡೆವು. ಸುಬೇದಾರರು ಕದಲಲಿಲ್ಲ. ಡ್ರೈವರ್ ಲಾರಿಯನ್ನು ಹಿಂದಕ್ಕೆ ತೆಗೆದು, ಕೈಬೀಸಿ ಕರೆಯುತ್ತಿದ್ದ ಎ ಬ್ಲಾಕಿನ ಸಂಪಿಗೆ ಅಷ್ಟೂ ನೀರು ಬಿಟ್ಟು ಹೊರಟುಹೋದ.

ಕೊಡ ಹಿಡಿದು ನಾವೆಲ್ಲ ಅಲ್ಲಿಗೆ ಹೋದೆವು. ಯಜಮಾನರು ಬೊಗಸೆ ತುಂಬ ಕೇರಂ ಕಾಯಿ ಚಾಚಿದರು. ಎ ಬ್ಲಾಕಿನ ಮುಖ್ಯಸ್ಥೆ, ಕಟ್ಟುನಿಟ್ಟಿನ ತಮಿಳು ಟೀಚರಮ್ಮ, ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಇದು ಇಂಗೆ ಸೆಲ್ಲಾದು ಸಾರ್."

ಇಲ್ಲಿ ಚಲಾವಣೆಯಿಲ್ಲ! ಯಜಮಾನರ ಮುಖ ಸಣ್ಣಗಾಯಿತು. ಅತ್ತೆ ಮಗನನ್ನು ಪಕ್ಕಕ್ಕೆ ಸರಿಸಿ, ತಮ್ಮದೇ ತಮಿಳಿನಲ್ಲಿ ಶುರುಮಾಡಿದರು. "ಟೀಚರಮ್ಮಾ, ಭಾನುವಾರ ಬಿಸಿಬೇಳೆ ಬಾತ್ ಪಣ್ಣಿ ತರೇನ್. ತುಪ್ಪ ಹಾಕಿ."

ಟೀಚರಮ್ಮ ಕ್ಷಣ ಯೋಚಿಸಿದರು. "ಎಲ್ಲಾ ಬ್ಲಾಕುಕ್ಕುಮಾ?"

"ಎಲ್ಲಾ ಬ್ಲಾಕುಕ್ಕೂ!"

ನಮ್ಮ ಕೊಡಗಳು ತುಂಬಿದವು. ಭಾನುವಾರ ಅಂಗಳದಲ್ಲಿ ದೊಡ್ಡ ಪಾತ್ರೆ ಇಳಿಯಿತು. ಮತ್ತೆ ಒಂದೇ ಸಂಘವಾಗೋಣವೆಂದು ಟೀಚರಮ್ಮ ಎಲೆಯ ಮುಂದೆ ಕೂತೇ ಸೂಚಿಸಿದರು. ಬಾಯಿ ತುಂಬಿದ್ದ ಸುಬೇದಾರರು ಕೈ ಎತ್ತಿ ಅನುಮೋದಿಸಿದರು. ಅಧಿಕಾರ ಕಳೆದುಕೊಂಡ ನನ್ನ ಯಜಮಾನರು ಇನ್ನೊಂದು ಸೌಟು ಹಾಕಿಸಿಕೊಂಡು ಮನೆಗೆ ಬಂದವರೇ, ಆ ಬೇಸಿಗೆಯಲ್ಲಿ ಮೊದಲ ಸಲ ಗೊರಕೆ ಹೊಡೆದು ಮಲಗಿದರು.