ಬಾಗಿಲಲ್ಲಿ ನಿಂತ ಸಮುವೇಲ ಮಾಸ್ತರರು

ಸಮುವೇಲ ಮಾಸ್ತರರು ಕೀರ್ತನೆಗೆ ಬಾಯಿ ತೆರೆದರೆ ರಾಣೆಬೆನ್ನೂರಿನ ನಮ್ಮ ಪುಟ್ಟ ಚರ್ಚಿನ ಹಾರ್ಮೋನಿಯಂ ಇದ್ದೂ ಇಲ್ಲದಂತಾಗುತ್ತಿತ್ತು. ಹಾವೇರಿಯ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರರಾಗಿ ನಿವೃತ್ತರಾದವರು. ಮೈದಾನದ ಆ ಗಂಟಲನ್ನು ದೇವರೆದುರೂ ತಗ್ಗಿಸುತ್ತಿರಲಿಲ್ಲ. ಸಭೆಯ ಹಿರಿಯರಾದ್ದರಿಂದ ಮೊದಲ ಬೆಂಚು ಅವರದು. ಪಾದ್ರಿಯಾದ ನನ್ನನ್ನೂ ಅವರು ಹದ್ದುಬಸ್ತಿನಲ್ಲಿ ಇಟ್ಟಿದ್ದರು. “ಅಯ್ಯನವರ, ಇವತ್ತಿನ ಪ್ರಸಂಗ ಭಾಳ ಉದ್ದ ಆತ್ರಿ. ದೇವರಿಗೆ ಮುಂಜಾನೇನ ತಿಳದಿತ್ತು, ನಾವು ಮಧ್ಯಾಹ್ನದ ಮಟ ಕುಂತ್ವಿ” ಎಂದು ಎಲ್ಲರಿಗೂ ಕೇಳುವಂತೆ ಹೇಳುವರು.

ನನಗೆ ಸಿಟ್ಟು ಬರುತ್ತಿತ್ತು. ಆದರೆ ಅವರು ಹೇಳುತ್ತಿದ್ದುದು ಸುಳ್ಳಲ್ಲ. ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ ನನ್ನ ಪ್ರಸಂಗಗಳಲ್ಲಿ ಮಾತಿತ್ತು, ವಿಶ್ವಾಸವಿರಲಿಲ್ಲ. ಪಾದ್ರಿಗಿರಿ ಒಂದು ನೌಕರಿಯಾಗಿಬಿಟ್ಟಿತ್ತು.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು. ಶುಕ್ರವಾರದ ಪಾಠಕ್ಕೆ ಬೇರೇನೂ ಹೊಳೆಯದೆ, ಪಾದ್ರಿ ತರಬೇತಿಯ ಕಾಲೇಜಿನಲ್ಲಿ ಓದಿದ್ದ ಆದಿಸಭೆಯ ವಿಷಯ ಎತ್ತಿಕೊಂಡೆ. ಮೊದಲ ಶತಮಾನಗಳ ಆ ವಿಶ್ವಾಸಿಗಳು, ಮನಸ್ತಾಪವಿದ್ದವರು ರಾಜಿಯಾಗದೆ, ಯೇಸುವಿನ ನೆನಪಿಗೆ ಆರಾಧನೆಯಲ್ಲಿ ಹಂಚುವ ಕರ್ತನ ಭೋಜನದ ರೊಟ್ಟಿ ಮುಟ್ಟಬಾರದು ಎನ್ನುತ್ತಿದ್ದರು. ದೊಡ್ಡ ತಪ್ಪು ಮಾಡಿದವರು ಬಾಗಿಲ ಹೊರಗೆ ನಿಂತು, ಒಳಗೆ ಹೋಗುವವರನ್ನು ‘ನನಗಾಗಿ ಪ್ರಾರ್ಥಿಸಿ’ ಎಂದು ಬೇಡಿಕೊಳ್ಳುತ್ತಿದ್ದರು ಎಂದೆಲ್ಲ ಹೇಳಿದೆ. ಹೇಳಿ, ಚಹಾ ಕುಡಿದು ಮನೆಗೆ ಹೋದೆ.

ಆ ಭಾನುವಾರ ಮೊದಲ ಬೆಂಚು ಖಾಲಿಯಿತ್ತು. ಮಾಸ್ತರರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೊರಗೆ ಚಪ್ಪಲಿಗಳ ನಡುವೆ ಸೆಟೆದು ನಿಂತಿದ್ದರು. “ನನ್ನ ಸಲುವಾಗಿ ಪ್ರಾರ್ಥನಾ ಮಾಡ್ರಿ! ನಾ ತಪ್ಪು ಮಾಡೇನಿ!” ಬೇಡಿಕೊಳ್ಳುವ ದನಿಯೇ ಅವರಿಗೆ ಗೊತ್ತಿರಲಿಲ್ಲ, ಡ್ರಿಲ್ಲಿನ ಹುಕುಮಿನಂತೆ ಕೇಳಿ ಮಕ್ಕಳು ಬೆಚ್ಚಿಬಿದ್ದರು. ನನ್ನ ಮೇಲೆ ಮುನಿಸಿಕೊಂಡಿದ್ದಾರೆಂದು ಕೆಲವರು ಮಾತಾಡಿಕೊಂಡರು. ಒಬ್ಬ ಅಜ್ಜಿಯಂತೂ ಅವರನ್ನು ಚಪ್ಪಲಿ ಕಾಯಲು ನಿಲ್ಲಿಸಿದ್ದಾರೆಂದುಕೊಂಡು ತನ್ನ ಚೀಲವನ್ನೂ ಕೈಗಿತ್ತು ಒಳಗೆ ಬಂದಳು. ಆರಾಧನೆ ಮುಗಿಯುವವರೆಗೆ ಮಾಸ್ತರರು ಅದನ್ನು ಹಿಡಿದೇ ನಿಂತಿದ್ದರು.

ಮುಂದಿನ ಭಾನುವಾರವೂ ಅದೇ. ಕರೆದು ಕೇಳಿದೆ. ಎಂದೂ ತಗ್ಗದ ಗಂಟಲು ತಗ್ಗಿತು.

“ನನಗ ತಂಗಿ ಅದಾಳ್ರಿ, ಸುಗುಣಾ. ಬ್ಯಾಡಗಿ ಮೆಣಸಿನಕಾಯಿ ಪ್ಯಾಟ್ಯಾಗ ಕೆಲಸ ಮಾಡೋ ಹಿಂದೂ ಹುಡುಗನ್ನ ಮದುವ್ಯಾದಳು. ಮುಂದ, ನೀವು ಈ ಊರಿಗೆ ಬರೋ ಮೊದಲ, ಒಂದ ಕ್ರಿಸ್‌ಮಸ್ಸಿಗೆ ಬಂದು, ಭೋಜನಕ್ಕ ಎಲ್ಲಾರ ಜೋಡಿ ಮೊಣಕಾಲೂರಿದ್ಳು. ನಾ ಹಿರ್ಯಾ ಅಲ್ಲೇನ್ರಿ? ರಟ್ಟಿ ಹಿಡದು ಎಬ್ಬಿಸಿ ಹೊರಗ ಕಳಿಸಿದೆ. ಸಭೆಯವರು ಶಾಭಾಸ್ ಅಂದ್ರು. ಅವತ್ತಿಂದ ಆಕಿ ಬಂದಿಲ್ಲ. ನಾ ಮಾತ್ರ ತಪ್ಪದ ರೊಟ್ಟಿ ತಿನ್ನಾಕತ್ತೇನಿ.”

ಇಬ್ಬರೂ ಬಸ್ಸು ಹತ್ತಿ ಬ್ಯಾಡಗಿಗೆ ಹೋದೆವು. ಸುಗುಣವ್ವ ಅಂಗಳದಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕುಳಿತು ತೊಟ್ಟು ಬಿಡಿಸುತ್ತಿದ್ದರು. ಘಾಟಿಗೆ ನನಗೆ ಸೀನು ನಿಲ್ಲಲಿಲ್ಲ. ಮಾಸ್ತರರು ನಿಂತಲ್ಲೇ, “ನಂದು ತಪ್ಪಾತವ್ವಾ” ಎಂದರು. ತಂಗಿ ಸೆರಗಿಗೆ ಕೈ ಒರೆಸಿಕೊಂಡರು.

“ನಿನ್ನ ಮ್ಯಾಲಿನ ಸಿಟ್ಟು ಯಾವಾಗೋ ಹೋತಣ್ಣಾ. ಆದರ ನೀವು ಸಭೆಯವರು ಎಲ್ಲಾರ ಮುಂದ ಎಬ್ಬಿಸಿ ಕಳಿಸಿದ್ರಿ. ಒಳಗ ಬಾ ಅನ್ನೋದನ್ನೂ ಎಲ್ಲಾರ ಮುಂದ ಅನ್ನಬೇಕು.” ಕೊನೆಯ ಮಾತನ್ನು ನನ್ನನ್ನು ನೋಡಿ ಹೇಳಿದರು.

ಮರಳುವಾಗ, “ಕ್ಷಮಾ ಸಿಕ್ತಲ್ರಿ ಮಾಸ್ತರ, ಇನ್ನ ನೀವು ಒಳಗ ಬರಬಹುದು” ಎಂದೆ.

“ಆಕಿ ಹೊರಗ ಇರೋತನಕ ನಾ ಹೆಂಗ ಬರ್ಲಿ? ನೀವ ಕಲಿಸಿದ್ದಲ್ಲೇನ್ರಿ? ಕರೀರಿ ಅಯ್ಯನವರ. ಕರಿಯೋರು ನೀವ.”

ನಾನು ಓದಿ ಪರೀಕ್ಷೆ ಪಾಸಾಗಿದ್ದ ಆದಿಸಭೆಯನ್ನು ಈ ಮನುಷ್ಯ ನಂಬಿಬಿಟ್ಟಿದ್ದರು. ಆ ಬಸ್ಸಿನಲ್ಲಿ, ಬಹಳ ವರ್ಷಗಳ ಮೇಲೆ, ಯಾರಿಗೂ ಕೇಳಿಸಲೆಂದಲ್ಲದೆ ನಾನು ಪ್ರಾರ್ಥಿಸಿದೆ. ದೇವರಿದ್ದಾನೆ ಎನ್ನಿಸಿ ಕಣ್ಣು ತುಂಬಿತು.

ವಿಶ್ವಾಸ ಬಂತು, ಧೈರ್ಯ ಬರಲಿಲ್ಲ. ವಿಷಯ ಎತ್ತಿದಾಗ ಚರ್ಚಿನ ಸಮಿತಿಯವರು, “ಒಬ್ಬಾಕಿನ್ನ ಕರದ್ರ ನಾಳೆ ಎಲ್ಲಾರೂ ಬರ್ತಾರ್ರಿ” ಎಂದರು. ಎಲ್ಲರೂ ಬರಲೆಂದೇ ಅಲ್ಲವೇ ಚರ್ಚು ಕಟ್ಟಿದ್ದು ಎಂದು ಕೇಳಬೇಕಿತ್ತು. ತಲೆಯಾಡಿಸಿ ಬಂದೆ. ಈಸ್ಟರ್ ಆಗಲಿ, ವಾರ್ಷಿಕ ಸಭೆ ಮುಗಿಯಲಿ ಎಂದು ಮುಂದೂಡಿದೆ. ಮಳೆಗಾಲದಲ್ಲಿ ಮಾಸ್ತರರು ಛತ್ರಿ ಹಿಡಿದು ನಿಂತರು. ನಾನು ಅವರ ಪಕ್ಕದಲ್ಲೇ ಹಾದು ಒಳಗೆ ಹೋಗಿ ರೊಟ್ಟಿ ಮುರಿಯುತ್ತಿದ್ದೆ. ಅವರು ಒಮ್ಮೆಯೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ದಸರೆಯ ಹೊತ್ತಿಗೆ ಎದೆನೋವು ಬಂದು ತೀರಿಕೊಂಡರು. ಒಳಗೆ ಬಂದದ್ದು ಪೆಟ್ಟಿಗೆಯಲ್ಲಿ. ಹಿಂದೆ ನಡೆದು ಬಂದ ಸುಗುಣವ್ವ ಹೊಸ್ತಿಲಿನಾಚೆಯೇ ನಿಂತುಬಿಟ್ಟರು. ಸಮಿತಿಯವರೆಲ್ಲ ಮುಂದೆಯೇ ಕುಳಿತಿದ್ದರು. ನಾನು ಅವರತ್ತ ನೋಡದೆ ಗಟ್ಟಿಯಾಗಿ ಕರೆದೆ: “ಸುಗುಣವ್ವಾರ, ಒಳಗ ಬರ್ರಿ. ಅವತ್ತ ನಿಮ್ಮನ್ನ ಹೊರಗ ಕಳಿಸಿದ್ದು ಈ ಸಭೆಯ ತಪ್ಪು.”

ಯಾರೂ ತಡೆಯಲಿಲ್ಲ. ಸುಗುಣವ್ವ ಒಳಗೆ ಬಂದರು. ಅಣ್ಣನ ಹಣೆ ಮುಟ್ಟಿ, ಅಂಗಿಯ ಕಾಲರು ಸರಿಮಾಡಿ, ಆಮೇಲೆ ನನ್ನ ಕಡೆ ತಿರುಗಿದರು.

“ಇಷ್ಟ ಹಗೂರ ಇತ್ತೇನ್ರಿ ಅಯ್ಯನವರ, ಕರಿಯೋದು?”